ಹಳೇ ಲ್ಯಾಪ್‌ಟಾಪ್ ಅಪ್‌ಗ್ರೇಡ್ ಮಾಡಿದ ಮೇಲೆ ಪ್ರೊಸೆಸರ್ ಬಿಸಿಯಾಗುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ವರ್ಷದ ಲ್ಯಾಪ್‌ಟಾಪನ್ನು ಎಸೆಯದೆ ಹೊಸ ಬಿಡಿಭಾಗ ಹಾಕಿ ಓಡಿಸುವುದು ಒಳ್ಳೇ ಕೆಲಸ. ಆದರೆ ಅಪ್‌ಗ್ರೇಡ್ ಆದ ವಾರದೊಳಗೆ ಬಹಳಷ್ಟು ಜನ ಒಂದೇ ಮಾತು ಹೇಳುತ್ತಾರೆ: "ವೇಗ ಬಂತು, ಜೊತೆಗೆ ಬಿಸಿನೂ ಬಂತು." ಅಂಥವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಸ್ಕ್ರೂಡ್ರೈವರ್ ಬೇಕಾದವು ಆಮೇಲೆ.

## ಶುರುವಿನ ಪ್ರಶ್ನೆಗಳು

ಎಷ್ಟು ಡಿಗ್ರಿ ದಾಟಿದ್ರೆ ಭಯ ಪಡಬೇಕು?

ಪ್ರತಿ ಪ್ರೊಸೆಸರಿಗೂ ತಯಾರಕರೇ ಒಂದು ಮಿತಿ ಹಾಕಿರುತ್ತಾರೆ. ಇಂಟೆಲ್‌ನ ಹಳೇ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದು ಸಾಮಾನ್ಯವಾಗಿ 100 ಅಥವಾ 105 ಡಿಗ್ರಿ ಸೆಲ್ಸಿಯಸ್. ಐ5-2520ಎಂಗೆ 100, ಐ7-3632ಕ್ಯೂಎಂಗೆ 105. ಆ ಮಿತಿ ಮುಟ್ಟಿದ ಕೂಡಲೇ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಬಿಸಿ ಏರುತ್ತಲೇ ಹೋದರೆ ಲ್ಯಾಪ್‌ಟಾಪ್ ದಿಢೀರ್ ಅಂತ ಆಫ್ ಆಗುತ್ತದೆ. ಹಾಗಾಗಿ ಭಾರಿ ಕೆಲಸ ಮಾಡುವಾಗ 85 ಕಂಡರೆ ಗಾಬರಿ ಬೇಡ.

ನಾನು ಬಳಸುವ ಲೆಕ್ಕ ಹೀಗಿದೆ. ಸುಮ್ನೆ ಇದ್ದಾಗ 40ರಿಂದ 55. ಬ್ರೌಸಿಂಗ್, ವಿಡಿಯೋ ಅಂದರೆ 55ರಿಂದ 70. ಪೂರ್ತಿ ಹೊರೆ ಬಿದ್ದಾಗ, ಅಂದರೆ ಪ್ರೊಸೆಸರ್ ತನ್ನೆಲ್ಲ ಶಕ್ತಿ ಹಾಕಿ ದುಡಿಯುವಾಗ, 90ರ ಒಳಗೆ. 95ರ ಮೇಲೆ ಹತ್ತಾರು ನಿಮಿಷ ನಿಂತೇ ಇದ್ದರೆ ಒಳಗಿನ ಬಿಸಿಗೆ ಹೊರಗೆ ಹೋಗುವ ದಾರಿ ಸಿಕ್ಕಿಲ್ಲ ಅಂತ ಅರ್ಥ.

ಇನ್ನೊಂದು ಮಾತು. ಡಿಗ್ರಿ ಒಂದನ್ನೇ ನೋಡಬೇಡಿ, ಪಕ್ಕದಲ್ಲಿ ವೇಗವನ್ನೂ ನೋಡಿ. 2.2 ಗಿಗಾಹರ್ಟ್ಜ್ ಮೂಲ ವೇಗದ ಪ್ರೊಸೆಸರ್ 88 ಡಿಗ್ರಿಯಲ್ಲಿ 2.8ರಲ್ಲಿ ಓಡುತ್ತಿದ್ದರೆ ಅದು ಆರೋಗ್ಯವಾಗಿದೆ. ಅದೇ ಪ್ರೊಸೆಸರ್ ಕೆಲಸದ ನಡುವೆ 1.2ಕ್ಕೆ ಬಿದ್ದರೆ ಅಪ್‌ಗ್ರೇಡಿಗೆ ಕೊಟ್ಟ ದುಡ್ಡು ಬಿಸಿಗೇ ಹೋಯಿತು.

ಟೆಂಪರೇಚರ್ ನೋಡೋದು ಹೇಗೆ? ಯಾವ ಸಾಫ್ಟ್‌ವೇರ್ ನಂಬಬಹುದು?

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಹಾಕಿಕೊಂಡರೆ ಸಾಕು. ಇವೆಲ್ಲ ಓದುವುದು ಪ್ರೊಸೆಸರ್ ಒಳಗೇ ಇರುವ ಸೆನ್ಸರನ್ನು. ಆ ಸೆನ್ಸರ್ ಅಳೆಯುವುದು "ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ" ಅನ್ನುವುದನ್ನು. ಹಾಗಾಗಿ 90ರ ಹತ್ತಿರ ಅದರ ಮಾತು ನಂಬಬಹುದು. ತಣ್ಣಗಿದ್ದಾಗ ಅಷ್ಟು ಕರಾರುವಾಕ್ಕಾಗಿರುವುದಿಲ್ಲ. ಒಂದು ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ) 38, ಇನ್ನೊಂದು 43 ತೋರಿಸಿದರೆ ಅದರ ಹಿಂದೆ ಬೀಳಬೇಡಿ.

ಅಳತೆ ಬರೆದಿಡುವಾಗ ಕೋಣೆಯ ಉಷ್ಣಾಂಶವನ್ನೂ ಬರೆಯಿರಿ. ಕೋಣೆ 5 ಡಿಗ್ರಿ ಜಾಸ್ತಿ ಕಾದರೆ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ತೋರಿಸುತ್ತದೆ. ರಾತ್ರಿಯ ಅಳತೆಯನ್ನು ಮಧ್ಯಾಹ್ನದ ಅಳತೆಗೆ ಹೋಲಿಸಿ "ಪೇಸ್ಟ್ ಕೆಟ್ಟಿದೆ" ಅಂದುಕೊಂಡವರು ಬಹಳ ಜನ ಇದ್ದಾರೆ. ಪೇಸ್ಟ್ ಅಂದರೆ ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸಲು ನಡುವೆ ಹಚ್ಚುವ ಮುಲಾಮಿನಂಥದ್ದು.

ಎಸ್‌ಎಸ್‌ಡಿ, ರ‍್ಯಾಮ್ ಹಾಕಿದ್ದು ಅಷ್ಟೇ. ಪ್ರೊಸೆಸರ್ ಮುಟ್ಟೇ ಇಲ್ಲ. ಆದ್ರೂ ಯಾಕೆ ಬಿಸಿ?

ಇದರಲ್ಲಿ ಅರ್ಧ ಪಾಲು ಗಾಬರಿ ಬೇಕಿಲ್ಲದ್ದು. ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿದರೆ ಮೊದಲ ಒಂದೆರಡು ದಿನ ಅದು ಅಪ್‌ಡೇಟ್ ಇಳಿಸುತ್ತದೆ, ಫೈಲುಗಳ ಪಟ್ಟಿ ಕಟ್ಟುತ್ತದೆ, ವೈರಸ್ ತಪಾಸಣೆ ಮಾಡುತ್ತದೆ. ಆಗ ಫ್ಯಾನ್ ಕೂಗುವುದು ಸಹಜ. ಎರಡು ದಿನ ಬಿಟ್ಟು ನೋಡಿ.

ಇನ್ನೊಂದು ಕಾರಣ ಎಸ್‌ಎಸ್‌ಡಿಯೇ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಮುಂಚೆ ತಿರುಗುವ ಹಾರ್ಡ್‌ಡಿಸ್ಕ್ ಡೇಟಾ ತಂದುಕೊಡುವವರೆಗೆ ಪ್ರೊಸೆಸರ್ ಸುಮ್ಮನೆ ಕೂತಿರುತ್ತಿತ್ತು, ತಣ್ಣಗಿರುತ್ತಿತ್ತು. ಈಗ ಕಾಯುವ ಕೆಲಸವೇ ಇಲ್ಲ. ಪ್ರೋಗ್ರಾಂ ತೆರೆದ ಕ್ಷಣ ಪೂರ್ತಿ ವೇಗಕ್ಕೆ ಏರಿ, ಬೇಗ ಮುಗಿಸಿ ಇಳಿಯುತ್ತದೆ. ಗ್ರಾಫ್‌ನಲ್ಲಿ ಚೂಪಾದ ಏರಿಳಿತ ಜಾಸ್ತಿ ಕಾಣುತ್ತದೆ, ಅಷ್ಟೇ.

ಎರಡು ದಿನ ಆದರೂ ಇಳಿಯದಿದ್ದರೆ ಮತ್ತೆ ಬಿಚ್ಚಿ ನೋಡಿ. ಫ್ಯಾನಿನ ಕನೆಕ್ಟರ್ ಅರ್ಧ ಕೂತಿರಬಹುದು. ಯಾವುದೋ ವೈರು ಗಾಳಿ ಬರುವ ಜಾಗಕ್ಕೆ ಅಡ್ಡ ಬಿದ್ದಿರಬಹುದು. ಬಿಚ್ಚುವಾಗ ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಭಾಗ) ಒಂದು ಕೂದಲೆಳೆ ಎದ್ದಿದ್ದರೂ ಅದರ ಅಡಿಯ ಒಣಗಿದ ಪೇಸ್ಟ್ ಬಿರುಕು ಬಿಟ್ಟಿರುತ್ತದೆ. ಎದ್ದ ಹೀಟ್‌ಸಿಂಕನ್ನು ಹಳೇ ಪೇಸ್ಟಿನ ಮೇಲೇ ಮತ್ತೆ ಕೂರಿಸಬಾರದು.

ಕೂಲಿಂಗ್ ಪ್ಯಾಡ್ ತಗೊಂಡ್ರೆ ಸಾಕಾ?

ಕೆಲವು ಡಿಗ್ರಿ ಇಳಿಯಬಹುದು. ಆದರೆ ಪ್ಯಾಡಿನ ಫ್ಯಾನ್ ಇರುವ ಕಡೆಗೂ ಲ್ಯಾಪ್‌ಟಾಪ್ ತಳದ ಕಿಂಡಿಗೂ ತಾಳೆ ಆಗದಿದ್ದರೆ ಅದೂ ಇಲ್ಲ. ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಬೆರಳು ಎತ್ತರಿಸಿ ಇಟ್ಟರೆ ಲಾಭದ ದೊಡ್ಡ ಪಾಲು ಪುಕ್ಕಟೆಯಾಗಿ ಸಿಗುತ್ತದೆ. ಒಳಗೆ ಧೂಳು ಕಟ್ಟಿದ್ದರೆ ಹೊರಗಿನ ಫ್ಯಾನ್ ಏನೂ ಮಾಡಲಾರದು.

ಬಿಚ್ಚೋಕೆ ಮುಂಚೆ ತೊಂದರೆ ಎಲ್ಲಿದೆ ಅಂತ ಗೊತ್ತು ಮಾಡ್ಕೋಬಹುದಾ?

ಮಾಡಿಕೊಳ್ಳಬಹುದು. ಎಲ್ಲರೂ ಮಾಡಲೇಬೇಕು ಅನ್ನುವುದು ನನ್ನ ಆಸೆ, ಯಾಕೆಂದರೆ ಸುಮ್ಮನೆ ಪೇಸ್ಟ್ ಬದಲಾಯಿಸಿ ನಿರಾಶರಾಗುವುದು ತಪ್ಪುತ್ತದೆ.

ಬಿಸಿ ಒಂದು ದಾರಿಯಲ್ಲಿ ಹೋಗುತ್ತದೆ. ಪ್ರೊಸೆಸರ್ ಚಿಪ್ಪಿನಿಂದ ಪೇಸ್ಟಿಗೆ, ಪೇಸ್ಟಿನಿಂದ ತಾಮ್ರದ ತಗಡಿಗೆ, ಅಲ್ಲಿಂದ ಹೀಟ್‌ಪೈಪ್ ಹಿಡಿದು ಹೀಟ್‌ಸಿಂಕಿನ ತುದಿಯ ತೆಳು ಲೋಹದ ರೆಕ್ಕೆಗಳಿಗೆ (ಫ್ಯಾನಿನ ಎಸಳಲ್ಲ), ರೆಕ್ಕೆಗಳಿಂದ ಗಾಳಿಗೆ. ಈ ದಾರಿಯಲ್ಲಿ ಎಲ್ಲಿ ಕಟ್ಟಿದೆ ಅನ್ನುವುದನ್ನು ಕೈಯಿಂದಲೇ ಪತ್ತೆ ಹಚ್ಚಬಹುದು. ಹದಿನೈದು ನಿಮಿಷ ಪೂರ್ತಿ ಹೊರೆ ಕೊಡಿ. ಗಾಳಿ ಹೊರಬರುವ ಕಿಂಡಿಯ ಮುಂದೆ ಅಂಗೈ ಹಿಡಿಯಿರಿ.

ಪರದೆಯಲ್ಲಿ 98 ಡಿಗ್ರಿ, ಗಾಳಿ ಜೋರಾಗಿದೆ, ಆದರೆ ಬರೀ ಉಗುರುಬೆಚ್ಚಗಿದೆ ಅಂದರೆ ಬಿಸಿ ರೆಕ್ಕೆಯವರೆಗೆ ಬಂದೇ ಇಲ್ಲ. ಪೇಸ್ಟ್ ಕೆಟ್ಟಿದೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಗಾಳಿ ಕೈ ಸುಡುವಷ್ಟು ಬಿಸಿ, ಆದರೆ ಉಸಿರಿನಷ್ಟು ಮೆಲ್ಲಗೆ ಬರುತ್ತಿದೆ ಅಂದರೆ ರೆಕ್ಕೆಗಳಲ್ಲಿ ಧೂಳು. ಗಾಳಿ ಬಿಸಿಯಾಗಿಯೂ ಇದೆ, ಜೋರಾಗಿಯೂ ಇದೆ ಅಂದರೆ ದಾರಿ ಚೆನ್ನಾಗಿದೆ, ಪ್ರೊಸೆಸರೇ ಆ ಹೀಟ್‌ಸಿಂಕಿಗೆ ದೊಡ್ಡದಾಯಿತು.

ಹೊರೆ ನಿಲ್ಲಿಸಿದಾಗಲೂ ಕಣ್ಣಿಡಿ. ಒಂದೆರಡು ಸೆಕೆಂಡಿನಲ್ಲೇ 97ರಿಂದ 60ಕ್ಕೆ ಧೊಪ್ಪನೆ ಬಿದ್ದರೆ ತಾಮ್ರ ತಣ್ಣಗೇ ಇತ್ತು, ಚಿಪ್ ಮಾತ್ರ ಕಾದಿತ್ತು. ಅದು ಪೇಸ್ಟಿನ ಕಡೆಯ ತೊಂದರೆ. ನಿಧಾನಕ್ಕೆ ಒಂದೆರಡು ನಿಮಿಷ ತೆಗೆದುಕೊಂಡು ಇಳಿದರೆ ತಾಮ್ರ, ರೆಕ್ಕೆ ಎಲ್ಲ ಕಾದು ಕೂತಿದೆ. ಅದು ಗಾಳಿಯ ಕಡೆಯ ತೊಂದರೆ.

## ಪ್ರೊಸೆಸರನ್ನೇ ಬದಲಾಯಿಸುವವರಿಗೆ

ನನ್ನ ಲ್ಯಾಪ್‌ಟಾಪ್‌ದು ಬದಲಾಯಿಸಕ್ಕೆ ಆಗುತ್ತಾ, ಬೋರ್ಡಿಗೇ ಬೆಸೆದಿರುತ್ತಾರಾ?

ಇಂಟೆಲ್ ಕೋರ್ ಎರಡನೇ, ಮೂರನೇ ತಲೆಮಾರಿನವು, ಅಂದರೆ 2011, 2012ರ ಕಾಲದವು, ಮತ್ತು 2013ರ ನಾಲ್ಕನೇ ತಲೆಮಾರಿನವು ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸಾಕೆಟ್‌ನಲ್ಲಿ, ಅಂದರೆ ತೆಗೆದು ಹಾಕಬಹುದಾದ ಗೂಡಿನಲ್ಲಿ, ಬರುತ್ತಿದ್ದವು. ಹೆಸರಿನ ಕೊನೆಗೆ ಎಂ ಅಥವಾ ಕ್ಯೂಎಂ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಯು ಇದ್ದರೆ ಬೆಸೆದದ್ದೇ. ಐದನೇ ತಲೆಮಾರಿನಿಂದ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳೆಲ್ಲ ಬೋರ್ಡಿಗೇ ಬೆಸೆದು ಬರುತ್ತವೆ. ಸಾಕೆಟ್ ಹೊಂದಿದರೂ ಬಯಾಸ್, ಅಂದರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್, ಒಪ್ಪಬೇಕು. ಅದೇ ಮಾಡೆಲ್ಲಿನ ಲ್ಯಾಪ್‌ಟಾಪ್ ಯಾವ್ಯಾವ ಪ್ರೊಸೆಸರ್ ಜೊತೆ ಮಾರಾಟ ಆಗಿತ್ತು ಅಂತ ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿ, ಆ ಪಟ್ಟಿಯಿಂದಲೇ ಆರಿಸಿ.

35 ವ್ಯಾಟಿಂದು ತೆಗೆದು 45 ವ್ಯಾಟಿಂದು ಹಾಕಿದೆ. ಹತ್ತು ವ್ಯಾಟ್ ತಾನೇ, ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಆ ವ್ಯಾಟ್ ಅಂಕಿ ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ ಹೆಚ್ಚುಕಮ್ಮಿ ಎಷ್ಟು ಬಿಸಿ ಹೊರಹಾಕುತ್ತದೆ ಅನ್ನುವ ಅಳತೆ. ಒಂದು ಸರಳ ಲೆಕ್ಕ ಹಾಕೋಣ. ಕೋಣೆ 30 ಡಿಗ್ರಿ ಇದೆ. 35 ವ್ಯಾಟಿನ ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ 85ಕ್ಕೆ ನಿಲ್ಲುತ್ತಿತ್ತು ಅಂದುಕೊಳ್ಳಿ. ಕೋಣೆಗಿಂತ 55 ಡಿಗ್ರಿ ಮೇಲೆ, ಅಂದರೆ ಪ್ರತಿ ವ್ಯಾಟಿಗೆ ಸುಮಾರು 1.6 ಡಿಗ್ರಿ. ಹೀಟ್‌ಸಿಂಕ್ ಅದೇ, ಫ್ಯಾನ್ ಅದೇ. 45 ವ್ಯಾಟ್ ಹಾಕಿದರೆ ಏರಿಕೆ 70 ಡಿಗ್ರಿ ದಾಟುತ್ತದೆ. 30ಕ್ಕೆ 70 ಸೇರಿದರೆ 100. ನೇರವಾಗಿ ಮಿತಿಯ ಬಾಗಿಲಿಗೇ ಹೋಗಿ ನಿಂತಿರಿ.

ಅದಕ್ಕೇ ಐ5-3210ಎಂ ಇದ್ದವರು ಕೇಳಿದರೆ ನಾನು 45 ವ್ಯಾಟಿನ ಐ7-3740ಕ್ಯೂಎಂ ಬೇಡ, 35 ವ್ಯಾಟಿನ ಐ7-3632ಕ್ಯೂಎಂ ನೋಡಿ ಅನ್ನುತ್ತೇನೆ. ಎರಡರಲ್ಲೂ ನಾಲ್ಕು ಕೋರ್. ಕಾಗದದ ಮೇಲೆ ಮೊದಲನೆಯದು ವೇಗ. ಸಣ್ಣ ಹೀಟ್‌ಸಿಂಕಿನ ಮೇಲೆ ಅದು ಬಿಸಿಗೆ ಬೆದರಿ ಇಳಿಯುತ್ತಾ ಏರುತ್ತಾ ಇರುತ್ತದೆ, ಎರಡನೆಯದು ಒಂದೇ ಸಮನೆ ಓಡುತ್ತದೆ. ಒಂದೇ ಸಮನೆ ಓಡುವುದು ಎಷ್ಟು ಹಿತ ಅನ್ನುವುದು ಬಳಸಿದವರಿಗೇ ಗೊತ್ತು.

ಅಡಾಪ್ಟರನ್ನೂ ಒಮ್ಮೆ ತಿರುಗಿಸಿ ನೋಡಿ. 65 ವ್ಯಾಟಿನದಾದರೆ ದೊಡ್ಡ ಪ್ರೊಸೆಸರ್, ಪರದೆ, ಬ್ಯಾಟರಿ ಚಾರ್ಜಿಂಗ್ ಎಲ್ಲ ಒಟ್ಟಿಗೆ ಬಂದಾಗ ಸಾಲದೇ ಹೋಗಬಹುದು. ಅದೇ ಮಾಡೆಲ್ಲಿಗೆ 90 ವ್ಯಾಟಿನದು ಇದ್ದರೆ ಅದನ್ನೇ ಹಾಕಿ.

ಅದೇ ಮಾಡೆಲ್‌ನ ದೊಡ್ಡ ಹೀಟ್‌ಸಿಂಕ್ ತಂದು ಹಾಕಬಹುದಾ?

ಇದು ಬಹಳ ಜನಕ್ಕೆ ಹೊಳೆಯದ ಒಳ್ಳೇ ದಾರಿ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಅವತರಣಿಕೆಗೆ ಅದೇ ಕಂಪನಿ ಸಾಮಾನ್ಯವಾಗಿ ಎರಡು ಪೈಪಿನ ಹೀಟ್‌ಸಿಂಕ್ ಕೊಟ್ಟಿರುತ್ತದೆ. ಸ್ಕ್ರೂ ತೂತು, ಫ್ಯಾನಿನ ಕನೆಕ್ಟರ್, ಗ್ರಾಫಿಕ್ಸ್ ಜಾಗದಲ್ಲಿ ಬೋರ್ಡಿನ ಮೇಲೆ ಏನಿದೆ, ಈ ಮೂರನ್ನು ತಾಳೆ ನೋಡಿ. ಹೀಟ್‌ಪೈಪ್ ಸ್ವಲ್ಪ ಅಡ್ಡ ಬರುತ್ತಿದೆ ಅಂತ ಬಗ್ಗಿಸಲು ಹೋಗಬೇಡಿ. ಅದು ಗಟ್ಟಿ ತಾಮ್ರದ ಸರಳಲ್ಲ, ಒಳಗೆ ಟೊಳ್ಳು. ಸ್ವಲ್ಪ ದ್ರವ ಇರುತ್ತದೆ. ಅದು ಬಿಸಿ ತುದಿಯಲ್ಲಿ ಆವಿಯಾಗಿ ತಣ್ಣನೆ ತುದಿಯಲ್ಲಿ ಮತ್ತೆ ದ್ರವವಾಗುತ್ತದೆ. ಮಡಿಕೆ ಬಿದ್ದರೆ ಆ ಓಡಾಟ ಕೆಡುತ್ತದೆ.

## ಬಿಚ್ಚಿದ ಮೇಲೆ

ಫ್ಯಾನಿಗೆ ಗಾಳಿ ಊದಿ ಕ್ಲೀನ್ ಮಾಡಿದೆ. ಬಿಸಿ ಕಮ್ಮಿ ಆಗ್ಲೇ ಇಲ್ಲ. ಯಾಕೆ?

ಧೂಳು ಫ್ಯಾನಿನ ಮೇಲಲ್ಲ, ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಮೂರು ಸಲ ಹೊರಗಿನಿಂದ ಊದಿದ್ದೆ, ಸ್ವಲ್ಪ ಪುಡಿ ಹಾರಿ ಕ್ಲೀನ್ ಆಯಿತು ಅಂದುಕೊಂಡಿದ್ದೆ. ನಾಲ್ಕನೇ ಸಲ ಫ್ಯಾನಿನ ಮುಚ್ಚಳದ ನಾಲ್ಕು ಸಣ್ಣ ಸ್ಕ್ರೂ ತೆಗೆದೆ, ಅಂಚಿನ ಕಪ್ಪು ಟೇಪು ಎತ್ತಿದೆ. ರೆಕ್ಕೆಗಳ ಉದ್ದಕ್ಕೂ ಬೂದು ಬಣ್ಣದ ಕಂಬಳಿ ತುಂಡು ಒಂದು ಅಂಟಿ ಕೂತಿತ್ತು. ಚಿಮಟದಲ್ಲಿ ಮೂಲೆ ಹಿಡಿದು ಎಳೆದರೆ ಹರಿಯದೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಬೆರಳಿನಷ್ಟು ಉದ್ದ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣದಷ್ಟು ದಟ್ಟ. ಪೇಸ್ಟ್ ಮುಟ್ಟದೆಯೇ ಪೂರ್ತಿ ಹೊರೆಯ ಅಳತೆ 97ರಿಂದ 84ಕ್ಕೆ ಬಂತು.

ಹೊರಗಿನಿಂದ ಊದಿದರೆ ಈ ಪಟ್ಟಿ ಒಂದು ಕ್ಷಣ ಹಿಂದೆ ಸರಿದು, ಫ್ಯಾನ್ ತಿರುಗಿದ ಕೂಡಲೇ ಮತ್ತೆ ಬಂದು ಕೂರುತ್ತದೆ. ತೆಗೆಯಲೇಬೇಕು. ಊದುವಾಗ ಫ್ಯಾನಿನ ಎಸಳನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಅದು ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಪೇಸ್ಟ್ ಎಷ್ಟು ಹಾಕಬೇಕು, ಹೇಗೆ ಹಾಕಬೇಕು?

ಲ್ಯಾಪ್‌ಟಾಪಿನಲ್ಲಿ ಚಿಪ್ಪಿನ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಹೊಳೆಯುವ ಬರಿ ಚಿಪ್ಪೇ ಇರುತ್ತದೆ. ಬೆಂಕಿಕಡ್ಡಿಯ ತಲೆಯಷ್ಟು ಪೇಸ್ಟ್ ಸಾಕು. ಮೂಲೆ ಬಿಡದೆ ತೆಳುವಾಗಿ ಹರಡಿ. ಪೇಸ್ಟಿನ ಕೆಲಸ ಎರಡು ಮೇಲ್ಮೈಗಳ ನಡುವಿನ ಗಾಳಿಯನ್ನು ಹೊರಗೆ ಹಾಕುವುದು. ಬಿಸಿ ಸಾಗಿಸುವುದರಲ್ಲಿ ತಾಮ್ರದ ಅಂಕಿ ಸುಮಾರು 400, ಒಳ್ಳೇ ಪೇಸ್ಟಿನದು ಹೆಚ್ಚೆಂದರೆ ಹತ್ತರ ಆಸುಪಾಸು, ಗಾಳಿಯದು ಬರೀ 0.026. ಹಾಗಾಗಿ ಗಾಳಿಗಿಂತ ಪೇಸ್ಟ್ ಎಷ್ಟೋ ಮೇಲು. ಆದರೆ ದಪ್ಪ ಪೇಸ್ಟ್ ತಾನೇ ಒಂದು ಅಡ್ಡಗೋಡೆ ಆಗುತ್ತದೆ.

ಹಳೆಯದನ್ನು 90 ಪರ್ಸೆಂಟಿಗಿಂತ ಮೇಲಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ. ಚಿಪ್ಪಿನ ಮೇಲೆ ಏನನ್ನೂ ಕೆರೆಯಬೇಡಿ. ಬಿಗಿಯುವಾಗ ಹೀಟ್‌ಸಿಂಕಿನ ಮೇಲೆ ಸ್ಕ್ರೂ ಪಕ್ಕದಲ್ಲಿ 1, 2, 3, 4 ಅಂತ ಕೊರೆದಿರುತ್ತದೆ, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಅಂಕಿ ಇಲ್ಲದಿದ್ದರೆ ಮೂಲೆಯಿಂದ ಎದುರು ಮೂಲೆಗೆ. ಒಂದೇ ಕಡೆ ಪೂರ್ತಿ ಬಿಗಿದರೆ ತಗಡು ವಾಲುತ್ತದೆ, ಚಿಪ್ಪಿನ ಮೂಲೆ ಚಕ್ಕೆ ಏಳುವುದೂ ಉಂಟು.

ಹೊಸ ಪೇಸ್ಟ್ ಹಾಕಿದಾಗ ಚೆನ್ನಾಗಿತ್ತು. ಮೂರೇ ತಿಂಗಳಿಗೆ ಮತ್ತೆ ಅದೇ ಕಥೆ.

ನಿಮ್ಮ ಕೈಯ ತಪ್ಪಲ್ಲ. ಚಿಪ್ ಕಾದಾಗ ಸ್ವಲ್ಪ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಕ್ಕೆ ನೂರಾರು ಸಲ ಹೀಗಾದಾಗ ತೆಳು ಪೇಸ್ಟ್ ಮೆಲ್ಲಗೆ ಅಂಚಿಗೆ ಸರಿಯುತ್ತದೆ. ಬಿಚ್ಚಿ ನೋಡಿದರೆ ನಡುವೆ ಬೋಳು, ಸುತ್ತ ದಂಡೆ ಕಟ್ಟಿರುತ್ತದೆ. ಮುಚ್ಚಳವಿಲ್ಲದ ಚಿಪ್ಪಿಗೆ ನೀರಾದ ಪೇಸ್ಟ್ ಬೇಡ, ಗಟ್ಟಿ ಪೇಸ್ಟ್ ತಗೊಳ್ಳಿ. ಅದಕ್ಕಿಂತ ಮೇಲು ಅಂದರೆ ಬಿಸಿಗೆ ಮೆದುವಾಗುವ ಹಾಳೆ. ಹನಿವೆಲ್‌ನ ಪಿಟಿಎಂ7950 ಅಂಥದ್ದು. ಕೋಣೆಯ ಬಿಸಿಯಲ್ಲಿ ಹಾಳೆ, ಸುಮಾರು 45 ಡಿಗ್ರಿಗೆ ಮೆದುವಾಗಿ ಸಂದುಗಳಿಗೆ ಇಳಿಯುತ್ತದೆ, ಅಂಚಿಗೆ ಓಡುವುದಿಲ್ಲ. ಮೊದಲ ಕೆಲವು ಸಲ ಕಾದು ಆರಿದ ಮೇಲೇ ಅದರ ಪೂರ್ತಿ ಗುಣ ಕಾಣುವುದು, ಹಾಕಿದ ದಿನವೇ ಅಳೆದು ಬೇಸರ ಪಡಬೇಡಿ.

ಲಿಕ್ವಿಡ್ ಮೆಟಲ್ ಹಾಕಿದ್ರೆ ಇನ್ನೂ ತಣ್ಣಗಾಗುತ್ತಂತೆ?

ಆಗುತ್ತದೆ. ಆದರೂ ಬೇಡ. ಅದು ಪೇಸ್ಟಿನ ಬದಲು ಹಾಕುವ ದ್ರವ ಲೋಹ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಜೊತೆಗೆ ಅದು ವಿದ್ಯುತ್ ಹರಿಸುತ್ತದೆ. ಚಿಪ್ಪಿನ ಪಕ್ಕದಲ್ಲೇ ಸಣ್ಣ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಎತ್ತಿ ಓಡಾಡಿಸುವ ಯಂತ್ರದಲ್ಲಿ ಒಂದು ಹನಿ ಜಾರಿದರೆ ಬೋರ್ಡೇ ಹೋಯಿತು.

ಥರ್ಮಲ್ ಪ್ಯಾಡ್ ಹರಿದುಹೋಯ್ತು. ಅಲ್ಲಿಗೂ ಪೇಸ್ಟೇ ಹಚ್ಚಿದ್ರೆ ಆಗಲ್ವಾ?

ಆಗಲ್ಲ. ಬಿಸಿ ದಾಟಿಸುವ ಆ ಮೆತ್ತನೆ ಪ್ಯಾಡ್ ಇರುವ ಜಾಗದಲ್ಲಿ ಅರ್ಧ ಮಿಲಿಮೀಟರಿನಿಂದ ಒಂದೂವರೆ ಮಿಲಿಮೀಟರ್‌ವರೆಗೆ ಸಂದು ಇರುತ್ತದೆ, ಪೇಸ್ಟ್ ಅದನ್ನು ತುಂಬದು. ಹಳೇ ಪ್ಯಾಡಿನ ದಪ್ಪವನ್ನೇ ಅಳೆದು ಹೊಸದು ಹಾಕಿ. ದಪ್ಪ ಇದ್ದಷ್ಟೂ ಒಳ್ಳೇದು ಅಂತ ಮಾತ್ರ ಅಂದುಕೊಳ್ಳಬೇಡಿ. ಪ್ಯಾಡ್ ದಪ್ಪ ಆದರೆ ತಗಡು ಎತ್ತಿಹಿಡಿದಂತಾಗಿ ಪ್ರೊಸೆಸರಿಗೇ ತಾಗುವುದಿಲ್ಲ.

## ಸೆಟ್ಟಿಂಗ್‌ನಲ್ಲಿ ಇಳಿಸುವುದು

ಟರ್ಬೋ ಆಫ್ ಮಾಡಿದ್ರೆ ಲ್ಯಾಪ್‌ಟಾಪ್ ನಿಧಾನ ಆಗಲ್ವಾ?

ಸ್ವಲ್ಪ ಆಗುತ್ತದೆ. ಟರ್ಬೋ ಅಂದರೆ ಹೊರೆ ಬಂದಾಗ ಪ್ರೊಸೆಸರ್ ಮೂಲ ವೇಗಕ್ಕಿಂತ ಮೇಲೇರುವುದು. ಐ7-3632ಕ್ಯೂಎಂನ ಮೂಲ ವೇಗ 2.2, ಟರ್ಬೋದಲ್ಲಿ 3.2 ಗಿಗಾಹರ್ಟ್ಜ್. ಆದರೆ ಆ ಮೇಲಿನ ವೇಗಕ್ಕೆ ವೋಲ್ಟೇಜೂ ಏರಬೇಕು. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಅಂದರೆ ಕೊನೆಯ ಸ್ವಲ್ಪ ವೇಗಕ್ಕೇ ಅತಿ ಹೆಚ್ಚು ಬಿಸಿಯ ಬೆಲೆ. ಟೈಪಿಂಗ್, ಬ್ರೌಸಿಂಗ್, ವಿಡಿಯೋ ನೋಡುವುದರಲ್ಲಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ವಿಂಡೋಸ್‌ನಲ್ಲಿ ಪವರ್ ಆಯ್ಕೆಗಳಿಗೆ ಹೋಗಿ, ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99 ಪರ್ಸೆಂಟಿಗೆ ಇಳಿಸಿ. ಹೆಸರಿಗೆ ಒಂದೇ ಪರ್ಸೆಂಟ್, ಆದರೆ ಟರ್ಬೋ ನಿಲ್ಲುತ್ತದೆ. ಬೇಕಾದಾಗ ಮತ್ತೆ 100 ಮಾಡಿಕೊಳ್ಳಿ. ಹಳೇ ಯಂತ್ರ ಬಿಸಿ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಯಾಕೆಂದರೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ಅಂಡರ್‌ವೋಲ್ಟ್ ಮಾಡಿ ಅಂತಾರೆ. ನನ್ನದರಲ್ಲಿ ಆ ಆಯ್ಕೆನೇ ಕಾಣ್ತಿಲ್ಲ.

ವೇಗ ಹಾಗೇ ಇಟ್ಟು ವೋಲ್ಟೇಜ್ ಮಾತ್ರ ಇಳಿಸುವುದೇ ಅಂಡರ್‌ವೋಲ್ಟ್. ಮೇಲೆ ಹೇಳಿದ ವರ್ಗದ ಲೆಕ್ಕ ಇಲ್ಲಿ ಕೈ ಹಿಡಿಯುತ್ತದೆ. ವೋಲ್ಟೇಜ್ 10 ಪರ್ಸೆಂಟ್ ಇಳಿದರೆ ಆ ಭಾಗದ ಬಿಸಿ ಸುಮಾರು 19 ಪರ್ಸೆಂಟ್ ಇಳಿಯುತ್ತದೆ. ನಾಲ್ಕನೇ ತಲೆಮಾರಿನಿಂದ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್ ಬಳಸಿ ಇದನ್ನು ಮಾಡಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಹೊರಬಂತು. ಅದಾದ ಮೇಲೆ ಬಂದ ಬಯಾಸ್ ಅಪ್‌ಡೇಟ್‌ಗಳು ಅನೇಕ ಯಂತ್ರಗಳಲ್ಲಿ ಈ ದಾರಿಗೆ ಬೀಗ ಹಾಕಿದವು. ನಿಮ್ಮದರಲ್ಲಿ ಬೀಗ ಬಿದ್ದಿದ್ದರೆ ಹಳೇ ಬಯಾಸ್ ಹುಡುಕುತ್ತಾ ಹೋಗಬೇಡಿ, ಟರ್ಬೋ ಇಳಿಸಿ ನೆಮ್ಮದಿಯಾಗಿರಿ. ಬೀಗ ಇಲ್ಲದಿದ್ದರೆ 10 ಮಿಲಿವೋಲ್ಟಿನಂತೆ ಇಳಿಸುತ್ತಾ, ಪ್ರತಿ ಸಲವೂ ಹೊರೆ ಕೊಟ್ಟು ನೋಡಿ. ಯಂತ್ರ ಹೆಪ್ಪುಗಟ್ಟಿದಂತೆ ನಿಂತರೆ ಎರಡು ಹೆಜ್ಜೆ ಹಿಂದೆ ಬನ್ನಿ.

ಬಿಸಿ ಬರೀ 60, ಆದ್ರೂ 800 ಮೆಗಾಹರ್ಟ್ಜ್‌ಗೆ ಇಳಿದು ಅಲ್ಲೇ ಕೂತಿದೆ. ಏನಿದು?

ಇದು ಪ್ರೊಸೆಸರಿನ ಬಿಸಿಯ ತೊಂದರೆಯೇ ಅಲ್ಲ. "ನಿಧಾನ ಮಾಡು" ಅನ್ನುವ ಸೂಚನೆ ಬೋರ್ಡಿನ ಬೇರೆ ಕಡೆಯಿಂದಲೂ ಬರಬಹುದು. ಅಡಾಪ್ಟರನ್ನು ಲ್ಯಾಪ್‌ಟಾಪ್ ಗುರುತಿಸದಿದ್ದರೆ, ಬ್ಯಾಟರಿ ಸತ್ತಿದ್ದರೆ, ಬೇರೊಂದು ಸೆನ್ಸರ್ ಕೆಟ್ಟಿದ್ದರೆ ಹೀಗಾಗುತ್ತದೆ. ಥ್ರಾಟಲ್‌ಸ್ಟಾಪ್‌ನಲ್ಲಿ ಇದು ಬಿಡಿ ಪ್ರೊಕ್‌ಹಾಟ್ (BD PROCHOT) ಅಂತ ಕಾಣುತ್ತದೆ. ಅದರ ಟಿಕ್ ಗುರುತು ತೆಗೆದರೆ ವೇಗ ಮರಳುತ್ತದೆ, ಆದರೆ ಅದನ್ನೇ ಪರಿಹಾರ ಮಾಡಿಕೊಳ್ಳಬೇಡಿ. ಮೊದಲು ಬೇರೆ ಅಡಾಪ್ಟರ್ ಹಾಕಿ ನೋಡಿ, ಬ್ಯಾಟರಿ ತೆಗೆದು ನೋಡಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ, ಆವತ್ತೇ ಬದಲಾಯಿಸಿ.

ಇದೆಲ್ಲಾ ಮಾಡಿದೆ. ಇನ್ನೂ 95ರ ಕೆಳಗೆ ಬರ್ತಿಲ್ಲ. ಇನ್ನೇನು ದಾರಿ?

ಹಳೇ ಪ್ರೊಸೆಸರ್ ಎತ್ತಿಟ್ಟಿದ್ದೀರಾ? ಅದನ್ನು ಮತ್ತೆ ಹಾಕಿ, ಅದೇ ಪೇಸ್ಟ್, ಅದೇ ಹೊರೆ, ಅದೇ ಕೋಣೆಯಲ್ಲಿ ಹದಿನೈದು ನಿಮಿಷ ಅಳೆಯಿರಿ. ಅದೂ 95 ತೋರಿಸಿದರೆ ಹೀಟ್‌ಪೈಪ್ ಒಣಗಿದೆ, ಹೀಟ್‌ಸಿಂಕ್ ಬದಲಾಯಿಸಿ. ಹಳೆಯದು 80ಕ್ಕೆ ನಿಂತರೆ ಹೊಸದು ಆ ಹೀಟ್‌ಸಿಂಕಿಗೆ ಹೆಚ್ಚಾಯಿತು. ಆಗ ಟರ್ಬೋ ನಿಲ್ಲಿಸಿ ಒಂದು ವಾರ ನಿಮ್ಮ ದಿನದ ಕೆಲಸ ಮಾಡಿ ನೋಡಿ, ಅಥವಾ ಕಡಿಮೆ ವ್ಯಾಟಿನದ್ದಕ್ಕೆ ಬದಲಾಯಿಸಿಕೊಳ್ಳಿ. ತೆಗೆದ ಪ್ರೊಸೆಸರನ್ನು ಪಿನ್ನು ಬಾಗದಂತೆ ಗಟ್ಟಿ ಡಬ್ಬಿಯಲ್ಲಿ ಇಡಿ. ಅದೇ ಸಾಕೆಟ್ ಇರುವ, ಹೀಟ್‌ಸಿಂಕ್ ದೊಡ್ಡದಿರುವ, ಫ್ಯಾನ್ ದಪ್ಪಗಿರುವ ಇನ್ನೊಂದು ಹಳೇ ಲ್ಯಾಪ್‌ಟಾಪಿನಲ್ಲಿ ಅದು ಇನ್ನೂ ಚೆನ್ನಾಗಿ ದುಡಿಯುತ್ತದೆ.